ನಿಂತಲ್ಲೇ ಹಾರುವುದರ ಖರ್ಚು

ಈಗಿನ ಮದುವೆಗಳಿಗೆ ವಾಲಗದವರಿಗಿಂತ ಮೊದಲು ಡ್ರೋನಿನವನು ಬಂದಿರುತ್ತಾನೆ. ಹೆಗಲಿಗೆ ಕಪ್ಪು ಚೀಲ, ಕೈಯಲ್ಲಿ ಎರಡು ಕಡ್ಡಿಯ ರಿಮೋಟು. ದಿಬ್ಬಣ ಗೇಟಿನ ಹತ್ತಿರ ಬಂತು ಅನ್ನುವಾಗ ಛತ್ರದ ಅಂಗಳದಿಂದ ಗುಂಯ್ ಎಂದು ಅದು ಮೇಲೇಳುತ್ತದೆ. ಮಕ್ಕಳೆಲ್ಲ ತಿಂಡಿ ಬಿಟ್ಟು ಓಡಿ ಬರುತ್ತೀರಿ. ಎಲ್ಲರ ಕತ್ತೂ ಮೇಲಕ್ಕೆ.

ಮುಂದಿನ ಸಲ ಕತ್ತೆತ್ತುವ ಮೊದಲು ಒಮ್ಮೆ ನೆಲ ನೋಡಿ. ಮಾವಿನ ತೋರಣ ಒದ್ದಾಡುತ್ತಿರುತ್ತದೆ. ಚಿಕ್ಕಮ್ಮಂದಿರು ಸೆರಗು ಹಿಡಿದುಕೊಂಡಿರುತ್ತಾರೆ. ಬೆಳಗ್ಗೆ ಐದಕ್ಕೇ ಎದ್ದು ಹಾಕಿದ ರಂಗೋಲಿಯ ಒಂದು ಮೂಲೆ ಮಸುಕಾಗಿರುತ್ತದೆ. ಅದನ್ನು ಹಾಕಿದ ಅಜ್ಜಿ ಡ್ರೋನಿನ ಹುಡುಗನನ್ನು ಬೈಯುತ್ತಿರುತ್ತಾರೆ. ಅವನಾದರೂ ಏನು ಮಾಡಿಯಾನು? ಅಷ್ಟು ಕೆಳಗೆ ಹಾರುತ್ತ ರಂಗೋಲಿ ಕೆಡಿಸದ ಡ್ರೋನನ್ನು ಇದುವರೆಗೆ ಯಾರೂ ಮಾಡಿಲ್ಲ, ಮುಂದೆಯೂ ಮಾಡಲಾರರು.

ಯಾಕೆ ಅಂದರೆ, ಡ್ರೋನಿಗೆ ಕಾಲೂರಲು ಜಾಗವಿಲ್ಲ. ನೀವು ನೆಲದ ಮೇಲೆ ನಿಂತರೆ ನೆಲ ನಿಮ್ಮನ್ನು ಪುಕ್ಕಟೆಯಾಗಿ ಹೊರುತ್ತದೆ. ಗಾಳಿ ಹಾಗಲ್ಲ, ಒತ್ತಿದರೆ ಸರಿದುಹೋಗುತ್ತದೆ. ಅದನ್ನು ಕೆಳಕ್ಕೆ ಒದೆಯುತ್ತಲೇ ಇರಬೇಕು. ಒದ್ದಾಗ ಬರುವ ಎದುರೇಟಿನಿಂದಲೇ ಮೇಲೆ ಉಳಿಯಬೇಕು. ಬಾವಿಯಲ್ಲಿ ಈಜು ಕಲಿತವರಿಗೆ ಇದು ಗೊತ್ತು: ಕೈಯಿಂದ ನೀರನ್ನು ಹಿಂದಕ್ಕೆ ತಳ್ಳಿದರೆ ಮೈ ಮುಂದಕ್ಕೆ ಹೋಗುತ್ತದೆ. ಐಸಾಕ್ ನ್ಯೂಟನ್ 1687ರಲ್ಲಿ ಬರೆದಿಟ್ಟ ಮೂರನೇ ನಿಯಮ ಇದೇ. ಅಜ್ಜಿಯ ರಂಗೋಲಿಯನ್ನು ಅಳಿಸಿದ್ದು ಅವನೇ ಅಂದರೂ ತಪ್ಪಿಲ್ಲ.

ಗಾಳಿಯನ್ನು ಒದೆಯುವುದು ಅಂದರೆ ಏನೂ ಇಲ್ಲದ್ದನ್ನು ಒದ್ದ ಹಾಗೆ ಅನ್ನಿಸುತ್ತದೆ ಅಲ್ಲವೇ? ಹಾಗೇನಿಲ್ಲ. ನಿಮ್ಮ ತರಗತಿ 6 ಮೀಟರ್ ಉದ್ದ, 6 ಮೀಟರ್ ಅಗಲ, 3 ಮೀಟರ್ ಎತ್ತರ ಇದೆ ಅಂದುಕೊಳ್ಳಿ. ಅದರೊಳಗಿನ ಗಾಳಿಯನ್ನೆಲ್ಲ ಹಿಡಿದು ತಕ್ಕಡಿಗೆ ಹಾಕಲು ಆಗುವುದಾದರೆ ಒಂದು ಕ್ವಿಂಟಾಲಿಗಿಂತ ಹೆಚ್ಚು ತೂಗುತ್ತದೆ. ದೊಡ್ಡ ಅಕ್ಕಿ ಮೂಟೆಯಷ್ಟು ಗಾಳಿ ನಿಮ್ಮ ಜೊತೆಗೇ ಕೂತು ಪಾಠ ಕೇಳುತ್ತಿದೆ! ಇನ್ನೂ ಒಂದು ತಮಾಷೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಅಲ್ಲಿನ ಗಾಳಿ ಮಂಗಳೂರಿನ ಗಾಳಿಗಿಂತ ಹತ್ತರಲ್ಲಿ ಒಂದು ಪಾಲಿನಷ್ಟು ತೆಳು. ಅದೇ ಡ್ರೋನು ಕಡಲ ತೀರದಲ್ಲಿ ಆರಾಮಾಗಿ ಹಾರಿದ್ದರೆ, ಘಟ್ಟ ಹತ್ತಿ ಬಂದ ಮೇಲೆ ರೆಕ್ಕೆಯನ್ನು ಕೊಂಚ ಜೋರಾಗಿ ತಿರುಗಿಸಬೇಕಾಗುತ್ತದೆ.

ಈಗ ಖರ್ಚಿನ ಮಾತು. ಒಂದು ಕಿಲೋ ತೂಗುವ ಡ್ರೋನು ಗಾಳಿಯಲ್ಲಿ ಅಲ್ಲಾಡದೆ ನಿಲ್ಲಬೇಕು. ಅದಕ್ಕೆ ಅದು ಪ್ರತಿ ಸೆಕೆಂಡಿಗೆ ಒಂದು ಕಿಲೋ ಗಾಳಿಯನ್ನು ಸೆಕೆಂಡಿಗೆ ಸುಮಾರು 10 ಮೀಟರ್ ವೇಗದಲ್ಲಿ ಕೆಳಕ್ಕೆ ದಬ್ಬುತ್ತಿದ್ದರೆ ಸಾಕು. ಅಥವಾ ಎರಡು ಕಿಲೋ ಗಾಳಿಯನ್ನು 5 ಮೀಟರ್ ವೇಗದಲ್ಲಿ ದಬ್ಬಬಹುದು. ಎರಡರಿಂದಲೂ ಸಿಗುವ ಎತ್ತುವ ಬಲ ಒಂದೇ. ಆದರೆ ಎರಡನೆಯ ದಾರಿಗೆ ಖರ್ಚು ಅರ್ಧ! ವೇಗ ಎರಡರಷ್ಟಾದರೆ ಅದಕ್ಕೆ ಬೇಕಾದ ಶಕ್ತಿ ನಾಲ್ಕರಷ್ಟು ಆಗುತ್ತದೆ, ಅದಕ್ಕೇ ಹೀಗೆ. ತುಂಬ ಗಾಳಿಯನ್ನು ಮೆಲ್ಲಗೆ ತಳ್ಳುವುದು ಅಗ್ಗ, ಸ್ವಲ್ಪ ಗಾಳಿಯನ್ನು ರಭಸವಾಗಿ ತಳ್ಳುವುದು ದುಬಾರಿ. ಸೆಕೆ ಆದಾಗ ಅಜ್ಜಿ ಮೊರದಿಂದ ಗಾಳಿ ಬೀಸಿಕೊಳ್ಳುತ್ತಾರೆಯೇ ಹೊರತು ಒಲೆ ಊದುವ ಕೊಳವೆಯಿಂದ ಊದಿಕೊಳ್ಳುವುದಿಲ್ಲ. ಹೆಲಿಕಾಪ್ಟರಿಗೆ ಅಷ್ಟುದ್ದದ ರೆಕ್ಕೆ ಇರುವುದೂ ಇದೇ ಕಾರಣಕ್ಕೆ.

ಹಾಗಾದರೆ ಡ್ರೋನಿಗೆ ಯಾಕೆ ಚಿಕ್ಕ ಚಿಕ್ಕ ರೆಕ್ಕೆಗಳು? ಒಳ್ಳೆಯ ಪ್ರಶ್ನೆ. ಅದಕ್ಕೆ ಉತ್ತರ ಹೇಳುವ ಮೊದಲು ನಿಮ್ಮನ್ನು ಒಂದು ಶನಿವಾರ ಬೆಳಗ್ಗೆ ಆನೇಕಲ್ ತಾಲ್ಲೂಕಿಗೆ ಕರೆದುಕೊಂಡು ಹೋಗಬೇಕು.

2021ರ ನವೆಂಬರ್ 13. ಕೊರೊನಾ ಕಾಲ. ಬೆಂಗಳೂರಿನಿಂದ ಹೊಸೂರಿಗೆ ಹೋಗುವ ದಾರಿಯಲ್ಲಿ ಚಂದಾಪುರ ಸಿಗುತ್ತದೆ. ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಎಂಟು ರೆಕ್ಕೆಗಳ ಒಂದು ಯಂತ್ರ ನಿಂತಿತ್ತು. ಅದಕ್ಕೆ ಒಂದು ವಿಶೇಷ ಪೆಟ್ಟಿಗೆ ಕಟ್ಟಿದ್ದರು. ಒಳಗೆ ಕೊರೊನಾ ಲಸಿಕೆಯ 50 ಸೀಸೆಗಳು, ಜೊತೆಗೆ ಸಿರಿಂಜುಗಳು. ಲಸಿಕೆ ಎಂದರೆ ಹಾಲಿಗಿಂತ ನಾಜೂಕು, ಬಿಸಿ ತಾಗಿದರೆ ಕೆಡುತ್ತದೆ. ಬೆಳಗ್ಗೆ 9 ಗಂಟೆ 43 ನಿಮಿಷಕ್ಕೆ ಯಂತ್ರ ಮೇಲೆದ್ದಿತು. 300 ಮೀಟರ್ ಎತ್ತರದಲ್ಲಿ, ಅಂದರೆ ನಮ್ಮ ಜೋಗದ ರಾಜ ಧುಮುಕುವ ಎತ್ತರಕ್ಕಿಂತಲೂ ಮೇಲೆ, ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಹಾರಿತು. 9 ಗಂಟೆ 53 ನಿಮಿಷಕ್ಕೆ ಹಾರಗದ್ದೆಯ ಆರೋಗ್ಯ ಕೇಂದ್ರದಲ್ಲಿ ಇಳಿಯಿತು. ಪೆಟ್ಟಿಗೆ ಒಪ್ಪಿಸಿ ಬಂದ ದಾರಿಯಲ್ಲೇ ವಾಪಸಾಯಿತು. ರಸ್ತೆಯಲ್ಲಿ ಹೋಗಿದ್ದರೆ ಅರ್ಧ ಗಂಟೆಗೂ ಹೆಚ್ಚು ಹಿಡಿಯುತ್ತಿತ್ತು. ಚಂದಾಪುರದ ಸಿಗ್ನಲ್ಲಿನಲ್ಲಿ ಒಮ್ಮೆಯಾದರೂ ಸಿಕ್ಕಿಕೊಂಡವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ.

ಆ ಯಂತ್ರದ ಹೆಸರು ಆಕ್ಟಾಕಾಪ್ಟರ್. ಮಾಡಿದವರು ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯಗಳ ವಿಜ್ಞಾನಿಗಳು. ಎಲ್ಲರೂ ಚುಟುಕಾಗಿ ಎನ್‌ಎಎಲ್ ಅನ್ನುತ್ತಾರೆ. ಯಂತ್ರದ ಮೈ ಕಾರ್ಬನ್ ಎಳೆಗಳದ್ದು. ಹಗುರ, ಆದರೆ ಗಟ್ಟಿ. ಕೊಡೆಯ ಹಾಗೆ ಮಡಚಿ ಜೀಪಿನಲ್ಲಿ ಹಾಕಿಕೊಂಡು ಹೋಗಬಹುದು. 15 ಕಿಲೋವರೆಗೆ ಹೊರೆ ಹೊರಬಲ್ಲದು. ಪುಸ್ತಕ ತುಂಬಿದ ನಿಮ್ಮ ಶಾಲೆಯ ಚೀಲ ಎರಡು ಮೂರು ಅಂದುಕೊಳ್ಳಿ. (ಚೀಲ ಹೊರಲು ಡ್ರೋನು ಬೇಕು ಅಂತ ಈಗಲೇ ಅಪ್ಪನ ಹತ್ತಿರ ಹೇಳಬೇಡಿ.)

ಈಗ ಆ ರೆಕ್ಕೆಗಳಿಗೆ ಬರೋಣ. ಎಂಟೂ ಒಂದೇ ಕಡೆ ತಿರುಗುತ್ತವೆಯೇ? ನಿಮ್ಮ ಮನೆಯಲ್ಲೋ ಅಪ್ಪನ ಆಫೀಸಿನಲ್ಲೋ ಗಿರ್ರನೆ ತಿರುಗುವ ಕುರ್ಚಿ ಇದ್ದರೆ ಒಂದು ಪ್ರಯೋಗ ಮಾಡಿ. ಕಾಲನ್ನು ನೆಲಕ್ಕೆ ತಾಗಿಸದೆ ಕೂತು, ಎರಡೂ ಕೈ ಚಾಚಿ, ಸೊಂಟದಿಂದ ಮೇಲಿನ ಮೈಯನ್ನು ಫಕ್ಕನೆ ಬಲಕ್ಕೆ ತಿರುಗಿಸಿ. ಕುರ್ಚಿ ಎಡಕ್ಕೆ ತಿರುಗುತ್ತದೆ! ಮತ್ತೆ ಅದೇ ನ್ಯೂಟನ್. ಎಂಟೂ ರೆಕ್ಕೆ ಬಲಕ್ಕೇ ತಿರುಗಿದರೆ ಯಂತ್ರದ ಮೈ ಬುಗುರಿಯ ಹಾಗೆ ಎಡಕ್ಕೆ ಸುತ್ತಲು ಶುರುವಾಗುತ್ತದೆ. ಒಳಗಿನ ಲಸಿಕೆಗೆ ತಲೆಸುತ್ತು ಬರುತ್ತದೋ ಇಲ್ಲವೋ, ನೋಡುತ್ತ ನಿಂತವರಿಗಂತೂ ಬರುತ್ತದೆ. ಅದಕ್ಕೇ ನಾಲ್ಕು ಬಲಕ್ಕೆ, ನಾಲ್ಕು ಎಡಕ್ಕೆ. ಒಂದರ ತಿರುಚು ಇನ್ನೊಂದಕ್ಕೆ ವಜಾ. ಮದುವೆ ಮನೆಯ ನಾಲ್ಕು ರೆಕ್ಕೆಯ ಡ್ರೋನಿನಲ್ಲಿ ಎರಡು ಹೀಗೆ, ಎರಡು ಹಾಗೆ.

ಇದರ ಚೆಂದ ಎಲ್ಲಿದೆ ಅಂದರೆ, ಡ್ರೋನಿಗೆ ಸ್ಟೀರಿಂಗೇ ಬೇಡ. ಮೈಯನ್ನು ಎಡಕ್ಕೆ ತಿರುಗಿಸಬೇಕೆ? ಬಲಕ್ಕೆ ಸುತ್ತುವ ರೆಕ್ಕೆಗಳನ್ನು ಸ್ವಲ್ಪ ಜೋರು ಮಾಡಿ, ಎಡಕ್ಕೆ ಸುತ್ತುವವನ್ನು ಸ್ವಲ್ಪ ನಿಧಾನ ಮಾಡಿ. ಮುಂದೆ ಹೋಗಬೇಕೆ? ಹಿಂದಿನ ರೆಕ್ಕೆಗಳನ್ನು ಜೋರು ಮಾಡಿ; ಬೆನ್ನು ಎದ್ದು ಮೂತಿ ಬಗ್ಗುತ್ತದೆ, ಗಾಳಿ ಕೆಳಕ್ಕೂ ಹಿಂದಕ್ಕೂ ಹೋಗುತ್ತದೆ, ಯಂತ್ರ ಮುಂದಕ್ಕೆ ಜಾರುತ್ತದೆ. ಎಲ್ಲವೂ ವೇಗದ ಆಟ. ಚಿಕ್ಕ ರೆಕ್ಕೆಗಳು ಯಾಕೆ ಅನ್ನುವುದಕ್ಕೆ ಉತ್ತರ ಇಲ್ಲಿದೆ. ಉದ್ದನೆಯ ಭಾರದ ರೆಕ್ಕೆಯನ್ನು ಕಣ್ಣುಮಿಟುಕಿಸುವಷ್ಟರಲ್ಲಿ ಜೋರು ಮಾಡುವುದು, ನಿಧಾನ ಮಾಡುವುದು ಸಾಧ್ಯವಿಲ್ಲ. ಎತ್ತಿನ ಗಾಡಿಯನ್ನು ಗಕ್ಕನೆ ನಿಲ್ಲಿಸಲು ಆಗುತ್ತದೆಯೇ? ಪುಟ್ಟ ರೆಕ್ಕೆಯಾದರೆ ಹೇಳಿದ ಕೂಡಲೇ ಕೇಳುತ್ತದೆ. ಖರ್ಚು ಜಾಸ್ತಿ, ಆದರೆ ಚುರುಕು ಜಾಸ್ತಿ. ಎಂಟು ಇರುವುದರಿಂದ ಇನ್ನೊಂದು ಲಾಭವೂ ಇದೆ: ದಾರಿಯಲ್ಲಿ ಒಂದು ಕೈಕೊಟ್ಟರೆ ಉಳಿದ ಏಳು ಸೇರಿ ಹೇಗೋ ಇಳಿಸಿಬಿಡುತ್ತವೆ. ನಾಲ್ಕರಲ್ಲಿ ಒಂದು ಕೈಕೊಟ್ಟರೆ ಕಥೆ ಬೇರೆ.

ಕೆರೆ ದಂಡೆಯಲ್ಲಿ ಏರೋಪ್ಲೇನ್ ಚಿಟ್ಟೆ ನೋಡಿದ್ದೀರಲ್ಲ, ಗಾಳಿಯಲ್ಲಿ ನಿಂತು, ಫಕ್ಕನೆ ಪಕ್ಕಕ್ಕೆ ಸರಿದು, ಮತ್ತೆ ನಿಲ್ಲುತ್ತದೆ. ಅದಕ್ಕೂ ನಾಲ್ಕು ರೆಕ್ಕೆ. ಒಂದೊಂದನ್ನೂ ಬೇರೆ ಬೇರೆಯಾಗಿ ಬಡಿಯಬಲ್ಲದು. ಅದರ ಮಿದುಳು ತೀರ ಪುಟ್ಟದು. ಡ್ರೋನಿಗೂ ಒಂದು ಮಿದುಳು ಬೇಕು. ಯಾಕೆಂದರೆ ಗಾಳಿಯಲ್ಲಿ ನಿಲ್ಲುವುದು ಅಂಗೈ ಮೇಲೆ ಪೊರಕೆ ನಿಲ್ಲಿಸಿದ ಹಾಗೆ: ಕೈಯನ್ನು ಆ ಕಡೆ ಈ ಕಡೆ ಆಡಿಸುತ್ತಲೇ ಇರಬೇಕು. ಈ ಆಟವನ್ನು ಡ್ರೋನಿನ ಪುಟ್ಟ ಕಂಪ್ಯೂಟರ್ ಒಂದು ಸೆಕೆಂಡಿಗೆ ನೂರಾರು ಸಲ ಆಡುತ್ತದೆ. ತಾನು ವಾಲಿದ್ದೇನೆಯೇ ಅಂತ ಅದಕ್ಕೆ ಹೇಳುವುದು ಅಕ್ಕಿ ಕಾಳಿನಷ್ಟು ಸಣ್ಣ ಸಂವೇದಕಗಳು. ಅಮ್ಮನ ಮೊಬೈಲನ್ನು ಅಡ್ಡ ಹಿಡಿದರೆ ಚಿತ್ರವೂ ಅಡ್ಡವಾಗುತ್ತದಲ್ಲ, ಆ ಕೆಲಸ ಮಾಡುವುದೂ ಇದೇ ಜಾತಿಯ ಸಂವೇದಕ. ಕೋಟಿಗಟ್ಟಲೆ ಮೊಬೈಲುಗಳಿಗೆ ಬೇಕೆಂದು ಅವು ಅಗ್ಗವಾದವು, ಅವು ಅಗ್ಗವಾದ್ದರಿಂದ ಡ್ರೋನು ಅಗ್ಗವಾಯಿತು, ಡ್ರೋನು ಅಗ್ಗವಾದ್ದರಿಂದ ಮದುವೆ ಮನೆಗೆ ಬಂತು. ಎಷ್ಟು ಎತ್ತರದಲ್ಲಿದ್ದೇನೆ ಅಂತ ತಿಳಿಯಲು ಅದು ಗಾಳಿಯ ಒತ್ತಡವನ್ನು ಅಳೆಯುತ್ತದೆ, ಮೇಲೆ ಹೋದಷ್ಟೂ ಒತ್ತಡ ಕಡಿಮೆ. ಎಲ್ಲಿದ್ದೇನೆ ಅಂತ ತಿಳಿಯಲು ಸುಮಾರು 20 ಸಾವಿರ ಕಿಲೋಮೀಟರ್ ಮೇಲಿರುವ ಜಿಪಿಎಸ್ ಉಪಗ್ರಹಗಳನ್ನು ಕೇಳುತ್ತದೆ. ಕನಿಷ್ಠ ನಾಲ್ಕು ಉಪಗ್ರಹ ಕಾಣಿಸಬೇಕು.

ಇಷ್ಟೆಲ್ಲ ವಿದ್ಯೆಯನ್ನು ಒಬ್ಬರೇ ಕೂತು ಮಾಡಲಾಗುವುದಿಲ್ಲ. ಚನ್ನಪಟ್ಟಣಕ್ಕೆ ಹೋಗಿದ್ದೀರಾ? ಒಬ್ಬರು ಹಾಲೆ ಮರ ತರುತ್ತಾರೆ, ಒಬ್ಬರು ಕಡೆಯುತ್ತಾರೆ, ಒಬ್ಬರು ಅರಗಿನ ಬಣ್ಣ ಹಚ್ಚುತ್ತಾರೆ. ಊರಿಗೆ ಊರೇ ಬೊಂಬೆಯ ಊರು. ಹೊಸ ಬೊಂಬೆ ಮಾಡಬೇಕು ಅನ್ನಿಸಿದರೆ ಸಾಮಾನೂ ಪಕ್ಕದಲ್ಲೇ, ಬುದ್ಧಿ ಹೇಳುವವರೂ ಪಕ್ಕದಲ್ಲೇ. ವಿಮಾನಕ್ಕೂ ಹಾಗೇ ಊರುಗಳಿವೆ. ಇಂಥ ಊರನ್ನು ಏರೋಸ್ಪೇಸ್ ಕ್ಲಸ್ಟರ್ ಅನ್ನುತ್ತಾರೆ. ಫ್ರಾನ್ಸಿನಲ್ಲಿ ಟುಲೂಸ್, ಜರ್ಮನಿಯಲ್ಲಿ ಹ್ಯಾಂಬರ್ಗ್, ನಮ್ಮಲ್ಲಿ ಬೆಂಗಳೂರು.

ಬೆಂಗಳೂರಿಗೆ ವಿಮಾನ ಕಟ್ಟುವ ಕೆಲಸ ಬಂದದ್ದು 1940ರಲ್ಲಿ. ಮೈಸೂರು ಸಂಸ್ಥಾನದ ನೆರವಿನಿಂದ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಇಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಕಟ್ಟಿದರು, ಅದೇ ಇವತ್ತಿನ ಎಚ್‌ಎಎಲ್. ಎರಡು ವರ್ಷದ ನಂತರ ಟಾಟಾ ಇನ್‌ಸ್ಟಿಟ್ಯೂಟ್ ಎಂದು ನಮ್ಮ ಹಿರಿಯರು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಮಾನ ವಿದ್ಯೆಯ ವಿಭಾಗ ಶುರುವಾಯಿತು. 1951ರಲ್ಲಿ ವಿ. ಎಂ. ಘಾಟಗೆ ಅವರ ತಂಡ ರೂಪಿಸಿದ ಎಚ್‌ಟಿ-2 ಎಂಬ ಪುಟ್ಟ ತರಬೇತಿ ವಿಮಾನ ಇಲ್ಲೇ ಹಾರಿತು. ಎನ್‌ಎಎಲ್ ಹುಟ್ಟಿದ್ದು 1959ರಲ್ಲಿ. ಬೆಂಗಳೂರಿಗೆ ಬಂದ ಹೊಸತರಲ್ಲಿ ಅದಕ್ಕೆ ಸಿಕ್ಕ ಜಾಗ ಯಾವುದು ಗೊತ್ತೇ? ಜಯಮಹಲ್ ರಸ್ತೆಯಲ್ಲಿದ್ದ ಮೈಸೂರು ಮಹಾರಾಜರ ಅರಮನೆಯ ಕುದುರೆ ಲಾಯ! ಕುದುರೆಗಳು ಹೋದವು, ವಿಜ್ಞಾನಿಗಳು ಬಂದರು. ಈಗ ಅವರ ಹತ್ತಿರ ಶಬ್ದಕ್ಕಿಂತ ವೇಗವಾಗಿ ಗಾಳಿ ಬೀಸುವ ಸುರಂಗವಿದೆ. ತೇಜಸ್ ವಿಮಾನದ, ಪಿಎಸ್‌ಎಲ್‌ವಿ ರಾಕೆಟ್ಟಿನ ಪುಟ್ಟ ಮಾದರಿಗಳು ಆಕಾಶ ನೋಡುವ ಮೊದಲು ಆ ಗಾಳಿ ಕುಡಿದಿವೆ.

ಹ್ಯಾಂಬರ್ಗ್ ಅಂದೆನಲ್ಲ, ಅಲ್ಲಿನ ಕಥೆ ಕೇಳಿ. ಅದು ದೊಡ್ಡ ಬಂದರು ನಗರ. ಏರ್‌ಬಸ್ ವಿಮಾನಗಳನ್ನು ಜೋಡಿಸುವ ಊರೂ ಹೌದು. ಅಲ್ಲಿನ ಒಂದು ಸೇನಾ ಆಸ್ಪತ್ರೆಯಲ್ಲಿ ಗಡ್ಡೆಯ ಶಸ್ತ್ರಚಿಕಿತ್ಸೆ ನಡೆಯುತ್ತದೆ ಅಂದುಕೊಳ್ಳಿ. ವೈದ್ಯರು ಗಡ್ಡೆಯನ್ನು ತೆಗೆದರು. ಪೂರ್ತಿ ತೆಗೆದಾಯಿತೇ, ಇನ್ನೂ ಉಳಿದಿದೆಯೇ? ಅದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಹೇಳುವ ತಜ್ಞರು ಇರುವುದು ಸುಮಾರು 5 ಕಿಲೋಮೀಟರ್ ಆಚೆಯ ಇನ್ನೊಂದು ಆಸ್ಪತ್ರೆಯಲ್ಲಿ. ಗಡ್ಡೆಯ ತುಣುಕನ್ನು ವಾಹನದಲ್ಲಿ ಕಳಿಸುತ್ತಾರೆ. ಅದು ಟ್ರಾಫಿಕ್ಕಿನಲ್ಲಿ ನಿಂತಿರುತ್ತದೆ. ಇಲ್ಲಿ ರೋಗಿ ಅರಿವಳಿಕೆಯಲ್ಲಿ ಮಲಗಿಯೇ ಇರುತ್ತಾರೆ, ವೈದ್ಯರು ಕೈಕಟ್ಟಿ ಕಾಯುತ್ತಿರುತ್ತಾರೆ. 2020ರ ಫೆಬ್ರುವರಿ 5ರಂದು ಅಲ್ಲಿನ ವೈಮಾನಿಕ ಸಂಶೋಧನಾ ಕೇಂದ್ರದವರೂ ಕೆಲವು ಕಂಪನಿಯವರೂ ಸೇರಿ ಆ ಎರಡು ಆಸ್ಪತ್ರೆಗಳ ನಡುವೆ ಆರು ಸಲ ಡ್ರೋನು ಹಾರಿಸಿ ನೋಡಿದರು. ಆ ಯೋಜನೆಯ ಹೆಸರು ಮೆಡಿಫ್ಲೈ. ಡ್ರೋನು ಪಿಜ್ಜಾ ತರುತ್ತದಂತೆ ಅನ್ನುವ ಸುದ್ದಿ ನಿಮಗೆ ಹೆಚ್ಚು ಇಷ್ಟವಾಗಬಹುದು. ನನಗಂತೂ ಈ ತುಣುಕು ಹೊತ್ತ ಡ್ರೋನೇ ಇಷ್ಟ. ಪಿಜ್ಜಾ ಹತ್ತು ನಿಮಿಷ ತಡವಾದರೆ ಆರುತ್ತದೆ, ಅಷ್ಟೇ.

ಒಂದು ವಿಷಯ ಗಮನಿಸಿದಿರಾ? ಹಾರಗದ್ದೆಗೆ ಹೋದದ್ದೂ ಹತ್ತಿರ, ಹ್ಯಾಂಬರ್ಗಿನಲ್ಲಿ ಹೋದದ್ದೂ ಹತ್ತಿರ. ಈ ಡ್ರೋನುಗಳು ಯಾಕೆ ಬೆಂಗಳೂರಿನಿಂದ ಬೀದರಿಗೆ ಹೋಗುವುದಿಲ್ಲ?

ಬ್ಯಾಟರಿ. ಒಂದು ಕಿಲೋ ಪೆಟ್ರೋಲಿನಲ್ಲಿ ಅಡಗಿರುವ ಶಕ್ತಿ ಒಂದು ಕಿಲೋ ಲಿಥಿಯಂ ಬ್ಯಾಟರಿಯಲ್ಲಿರುವುದಕ್ಕಿಂತ ಸುಮಾರು 50 ಪಟ್ಟು ಹೆಚ್ಚು. ಪೆಟ್ರೋಲ್ ಎಂಜಿನ್ನು ಅದರಲ್ಲಿ ಬಹುಪಾಲನ್ನು ಬಿಸಿ ಮಾಡಿ ಚೆಲ್ಲುತ್ತದೆ, ನಿಜ. ಆದರೂ ಬ್ಯಾಟರಿ ಹಿಂದೆಯೇ. ಹೋಗಲಿ, ಎರಡು ಬ್ಯಾಟರಿ ಹಾಕಿದರೆ ಎರಡರಷ್ಟು ದೂರ ಹೋಗಬಹುದಲ್ಲ ಅಂದಿರಾ? ಎರಡನೇ ಬ್ಯಾಟರಿಯನ್ನು ಹೊರುವವರು ಯಾರು? ಅದೇ ಡ್ರೋನು. ಅದಕ್ಕೆ ಇನ್ನಷ್ಟು ಗಾಳಿ ಒದೆಯಬೇಕು, ಅದಕ್ಕೆ ಇನ್ನಷ್ಟು ಕರೆಂಟು ಬೇಕು. ಪ್ರವಾಸಕ್ಕೆ ಹೋಗುವಾಗ ದಾರಿಗೆ ಬುತ್ತಿ ಕಟ್ಟಿಕೊಂಡು, ಬುತ್ತಿ ಹೊತ್ತ ಆಯಾಸಕ್ಕೆ ಆ ಬುತ್ತಿಯನ್ನೇ ತಿಂದು ಮುಗಿಸಿದ ಹಾಗೆ. ಸಾಲದ್ದಕ್ಕೆ ಇನ್ನೊಂದು ಪೇಚು: ಪೆಟ್ರೋಲ್ ಉರಿದಂತೆಲ್ಲ ವಿಮಾನ ಹಗುರಾಗುತ್ತದೆ, ಬ್ಯಾಟರಿ ಖಾಲಿಯಾದರೂ ಒಂದು ಗುಲಗಂಜಿಯಷ್ಟೂ ಹಗುರಾಗುವುದಿಲ್ಲ. ಖಾಲಿ ತಿಂಡಿ ಡಬ್ಬಿಗೂ ತುಂಬಿದ ಡಬ್ಬಿಗೂ ತೂಕ ಒಂದೇ ಆಗಿಬಿಟ್ಟರೆ ನಿಮಗೆ ಹೇಗನಿಸುತ್ತದೆ?

ಇದಕ್ಕೆ ಉಪಾಯವನ್ನು ಹಕ್ಕಿಗಳು ಎಂದೋ ಕಂಡುಕೊಂಡಿವೆ. ಕೆರೆಯ ಮೇಲೆ ಕಪ್ಪು-ಬಿಳಿ ಮಿಂಚುಳ್ಳಿ ಇರುತ್ತದೆ. ಮೀನು ಹುಡುಕುವಾಗ ಅದು ರೆಕ್ಕೆಯನ್ನು ಪಟಪಟ ಬಡಿಯುತ್ತ ಗಾಳಿಯಲ್ಲಿ ಒಂದೇ ಕಡೆ ನಿಲ್ಲುತ್ತದೆ. ಎಷ್ಟು ಹೊತ್ತು? ನೀವೇ ಎಣಿಸಿ. ಸ್ವಲ್ಪ ಹೊತ್ತು ನಿಂತು, ಧುಮುಕಿ, ಕೊನೆಗೆ ಎಲ್ಲೋ ಕೊಂಬೆಯ ಮೇಲೆ ಕೂರುತ್ತದೆ. ಅದೇ ಕೆರೆಯ ಮೇಲೆ ಹದ್ದು ಮಧ್ಯಾಹ್ನವೆಲ್ಲ ಸುತ್ತು ಹಾಕುತ್ತದೆ. ರೆಕ್ಕೆ ಬಡಿಯುವುದೇ ಅಪರೂಪ. ಅದು ನಿಲ್ಲುವುದಿಲ್ಲ, ಸದಾ ಮುಂದೆ ಹೋಗುತ್ತಿರುತ್ತದೆ. ಮುಂದೆ ಹೋಗುವಾಗ ಅಗಲವಾದ ರೆಕ್ಕೆ ದಾರಿಯುದ್ದಕ್ಕೂ ಸಿಗುವ ಅಪಾರ ಗಾಳಿಯನ್ನು ಮೆಲ್ಲಗೆ ಕೆಳಕ್ಕೆ ಬಾಗಿಸುತ್ತದೆ. ಜೊತೆಗೆ ಬಿಸಿಲಿಗೆ ಕಾದು ಮೇಲೇಳುವ ಗಾಳಿಯ ಮೇಲೆ ಪುಕ್ಕಟೆ ಸವಾರಿ. ತುಂಬ ಗಾಳಿ, ಮೆಲ್ಲನೆ ತಳ್ಳಾಟ. ಅಜ್ಜಿಯ ಮೊರ ನೆನಪಿದೆಯೇ?

ಆಫ್ರಿಕದ ರುವಾಂಡದಲ್ಲಿ ಹದ್ದಿನ ದಾರಿ ಹಿಡಿದ ಡ್ರೋನುಗಳಿವೆ. ಅದು ಗುಡ್ಡಗಳ ದೇಶ. ಆಸ್ಪತ್ರೆಗೆ ರಕ್ತ ತಲುಪಿಸುವುದೇ ಕಷ್ಟವಾಗಿತ್ತು. ಜಿಪ್‌ಲೈನ್ ಎಂಬ ಕಂಪನಿ 2016ರಿಂದ ಅಲ್ಲಿ ಡ್ರೋನಿನಲ್ಲಿ ರಕ್ತದ ಪೊಟ್ಟಣ ಕಳಿಸುತ್ತಿದೆ. ಆ ಡ್ರೋನು ಪುಟ್ಟ ವಿಮಾನದ ಹಾಗೆ ಚಾಚಿದ ರೆಕ್ಕೆಯದ್ದು. ಕವಣೆಯಿಂದ ಕಲ್ಲು ಬೀಸಿದ ಹಾಗೆ ಅದನ್ನು ಆಕಾಶಕ್ಕೆ ಬೀಸುತ್ತಾರೆ. ಆಸ್ಪತ್ರೆಯ ಮೇಲೆ ಬಂದಾಗ ಅದು ಇಳಿಯುವುದಿಲ್ಲ, ನಿಲ್ಲುವುದೂ ಇಲ್ಲ. ಹಾರುತ್ತಲೇ ಪೊಟ್ಟಣವನ್ನು ಪ್ಯಾರಾಚೂಟು ಕಟ್ಟಿ ಉದುರಿಸುತ್ತದೆ. ಮರಳಿ ಬಂದಾಗ ಬಾಲದ ಕೊಕ್ಕೆಯನ್ನು ಒಂದು ತಂತಿಗೆ ಸಿಕ್ಕಿಸಿ ಹಿಡಿಯುತ್ತಾರೆ. ಗಾಳಿಯಲ್ಲಿ ನಿಲ್ಲುವ ಖರ್ಚೇ ಬೇಡ ಅಂತ ತೀರ್ಮಾನ ಮಾಡಿದ ಮೇಲೆ ಬುದ್ಧಿ ಎಲ್ಲೆಲ್ಲಿ ಓಡುತ್ತದೆ ನೋಡಿ! ಇದನ್ನು ಓದಿದಾಗ ನನಗೆ ಆಕ್ಟಾಕಾಪ್ಟರಿಗಿಂತ ಇದೇ ಜಾಣ ಅನ್ನಿಸಿತ್ತು. ಆಮೇಲೆ ಯೋಚಿಸಿದೆ: ಗುಡ್ಡದ ಊರಿನ ಬಯಲಿನಲ್ಲಿ ಪೊಟ್ಟಣ ಉದುರಿಸಬಹುದು. ಚಂದಾಪುರದಂಥ ಕಡೆ ಉದುರಿಸಿದರೆ ಯಾರ ಮನೆ ತಾರಸಿಯ ಹಪ್ಪಳದ ಮೇಲೆ ಬೀಳುತ್ತದೋ! ಕಿಕ್ಕಿರಿದ ಊರಿಗೆ ನಿಂತು, ನೋಡಿ, ನಾಜೂಕಾಗಿ ಇಳಿಯುವ ಯಂತ್ರವೇ ಬೇಕು.

ಪೊಟ್ಟಣದ ಮಾತು ಇಷ್ಟಾದರೆ, ಮನುಷ್ಯರನ್ನೇ ಹೊರುವುದು? ಜಗತ್ತಿನ ಎಲ್ಲ ವಿಮಾನದ ಊರುಗಳೂ ಈಗ ಈ ಯೋಚನೆಯಲ್ಲಿವೆ. ಊರೊಳಗಿನ ಹಾರುವ ಟ್ಯಾಕ್ಸಿ. ಜರ್ಮನಿಯ ವೋಲೋಕಾಪ್ಟರ್ ಎಂಬ ಕಂಪನಿ 18 ರೆಕ್ಕೆಯ ಯಂತ್ರ ಮಾಡಿತು. ಮದುವೆ ಮನೆಯ ಡ್ರೋನನ್ನೇ ದೊಡ್ಡದು ಮಾಡಿದ ಹಾಗಿತ್ತು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಪ್ರಯಾಣಿಕರನ್ನು ಕೂರಿಸಿಕೊಂಡು ಹಾರುತ್ತೇವೆ ಅಂದಿದ್ದರು. ಹೊತ್ತಿಗೆ ಸರಿಯಾಗಿ ಸುರಕ್ಷತೆಯ ಪರವಾನಗಿ ಸಿಗಲಿಲ್ಲ. ಪ್ರಯಾಣಿಕರಿಲ್ಲದೆ ಹಾರಿ ತೋರಿಸಿದರು, ವರ್ಷದ ಕೊನೆಗೆ ಕಂಪನಿ ದಿವಾಳಿಯ ಅರ್ಜಿ ಹಾಕಿತು. ಹಾರುವ ಟ್ಯಾಕ್ಸಿ ನಾಳೆಯೇ ಬರುತ್ತದೆ ಅನ್ನುವವರನ್ನು ಅಷ್ಟು ಬೇಗ ನಂಬಬೇಡಿ. ಪರವಾನಗಿ ಕೊಡುವವರು ತಡ ಮಾಡುತ್ತಾರೆ ಅಂತ ಸಿಡುಕುವುದೂ ಬೇಡ. ಕೂರುವವರು ನಾವು ತಾನೇ?

ಬೆಂಗಳೂರಿನಲ್ಲೂ ಒಂದು ತಂಡ ಇಂಥ ಟ್ಯಾಕ್ಸಿ ಕಟ್ಟುತ್ತಿದೆ. 2025ರ ಜನವರಿಯಲ್ಲಿ ದೆಹಲಿಯ ವಾಹನ ಮೇಳದಲ್ಲಿ ಅದರ ಮಾದರಿಯನ್ನು ತೋರಿಸಿದರು. ಹೆಸರು ಶೂನ್ಯ. ಕಂಪನಿಯ ಹೆಸರು ಸರಳಾ ಏವಿಯೇಷನ್. ಸರಳಾ ಯಾರು ಗೊತ್ತೇ? ಸರಳಾ ಠಕ್ರಾಲ್. 1936ರಲ್ಲಿ, 21ನೇ ವಯಸ್ಸಿನಲ್ಲಿ, ಸೀರೆ ಉಟ್ಟುಕೊಂಡೇ ಜಿಪ್ಸಿ ಮಾತ್ ಎಂಬ ವಿಮಾನವನ್ನು ಒಬ್ಬರೇ ಹಾರಿಸಿದವರು. ಇಂಥ ಟ್ಯಾಕ್ಸಿಗಳಲ್ಲಿ ಈಗ ಹೆಚ್ಚಿನವು ಮಿಂಚುಳ್ಳಿಯನ್ನೂ ಹದ್ದನ್ನೂ ಸೇರಿಸಿ ಹೊಲಿದ ಹಾಗಿವೆ: ಏಳುವಾಗ ಇಳಿಯುವಾಗ ಡ್ರೋನಿನಂತೆ ಗಾಳಿಯನ್ನು ಕೆಳಕ್ಕೆ ಒದೆಯುತ್ತವೆ, ನಡುವಿನ ದಾರಿಯಲ್ಲಿ ಚಾಚಿದ ರೆಕ್ಕೆಯ ಮೇಲೆ ತೇಲುತ್ತವೆ. ನಿಂತಲ್ಲೇ ಹಾರುವ ದುಬಾರಿ ಕೆಲಸವನ್ನು ಒಂದೆರಡು ನಿಮಿಷಕ್ಕೆ ಮುಗಿಸಿಬಿಡುವುದು ಉಪಾಯ.

ಆದರೆ ಆಕಾಶ ಖಾಲಿ ಇದೆಯೇ? ಕೆಳಗಿನಿಂದ ನೋಡಿದರೆ ಖಾಲಿಯೇ. ಬೆಂಗಳೂರಿನ ಸುತ್ತಲೇ ದೇವನಹಳ್ಳಿ, ಯಲಹಂಕ, ಎಚ್‌ಎಎಲ್, ಜಕ್ಕೂರು ಅಂತ ನಾಲ್ಕು ಹಾರುತಾಣಗಳಿವೆ. 2021ರ ಆಗಸ್ಟಿನಲ್ಲಿ ಬಂದ ಡ್ರೋನ್ ನಿಯಮಗಳ ಪ್ರಕಾರ ದೇಶದ ಆಕಾಶವನ್ನು ಹಸಿರು, ಹಳದಿ, ಕೆಂಪು ಅಂತ ಬಣ್ಣ ಹಚ್ಚಿ ಹಂಚಿದ್ದಾರೆ. ಹಸಿರಿನಲ್ಲಿ ಸುಮಾರು 120 ಮೀಟರ್ ಎತ್ತರದವರೆಗೆ ಹಾರಲು ಅಪ್ಪಣೆ ಬೇಡ, ಹಳದಿಯಲ್ಲಿ ಬೇಕು, ಕೆಂಪಿನಲ್ಲಿ ಸರ್ಕಾರವೇ ಒಪ್ಪಬೇಕು. 300 ಮೀಟರ್ ಏರಿದ ಆಕ್ಟಾಕಾಪ್ಟರ್ ವಿಶೇಷ ಅನುಮತಿ ಪಡೆದೇ ಹಾರಿದ್ದು. 250 ಗ್ರಾಮಿನವರೆಗಿನದು ನ್ಯಾನೋ ಡ್ರೋನು, 150 ಕಿಲೋ ಮೀರಿದರೆ ದೊಡ್ಡ ಡ್ರೋನು. ಬಣ್ಣ ಹಚ್ಚಿದ ನಕ್ಷೆಯನ್ನು ಓದಲು ಬಾರದವರೂ ಅಲ್ಲಿದ್ದಾರೆ. ಹದ್ದುಗಳು! ತಮ್ಮ ಗೂಡಿನ ಹತ್ತಿರ ಗುಂಯ್ ಅನ್ನುವ ಈ ಅಪರಿಚಿತ ಹಕ್ಕಿಯನ್ನು ಕಂಡರೆ ಅವು ಉಗುರು ಚಾಚಿ ಎರಗುತ್ತವೆ. ಗಾಳಿಪಟದ ದಾರ ರೆಕ್ಕೆಗೆ ಸುತ್ತಿಕೊಳ್ಳುತ್ತದೆ. ಎತ್ತರದ ಕಟ್ಟಡಗಳ ಮೂಲೆಯಲ್ಲಿ ಗಾಳಿ ಸುಳಿ ಸುತ್ತುತ್ತದೆ, ಅಪಾರ್ಟ್‌ಮೆಂಟಿನ ಸಂದಿಯಲ್ಲಿ ಒಣ ಎಲೆ ಗಿರಗಿರ ತಿರುಗುವುದನ್ನು ನೋಡಿದ್ದೀರಲ್ಲ. ಗಾಜಿನ ಕಟ್ಟಡಗಳ ನಡುವೆ ಉಪಗ್ರಹದ ಸಂದೇಶ ಗೋಡೆಗೆ ಬಡಿದು ದಾರಿ ತಪ್ಪಿ ಬರುತ್ತದೆ.

ಸದ್ದಿನ ವಿಷಯವನ್ನು ಕೊನೆಗೆ ಇಟ್ಟೆ. ಚಿಕ್ಕ ರೆಕ್ಕೆ ಬಲು ಬೇಗ ತಿರುಗಬೇಕು, ಬೇಗ ತಿರುಗಿದಷ್ಟೂ ಕೀರಲು ದನಿ. ಒಂದು ಸೊಳ್ಳೆಯೇ ರಾತ್ರಿಯೆಲ್ಲ ನಿದ್ದೆ ಕೆಡಿಸುತ್ತದೆ. ದಿನಕ್ಕೆ ನೂರು ಸಲ ನಿಮ್ಮ ಕಿಟಕಿಯ ಮುಂದೆ ಎಂಟು ರೆಕ್ಕೆಯ ಸೊಳ್ಳೆ ಹಾದುಹೋದರೆ? ಅಂದ ಹಾಗೆ ಡ್ರೋನ್ ಅನ್ನುವ ಪದಕ್ಕೆ ಇಂಗ್ಲಿಷಿನಲ್ಲಿ ಗಂಡು ಜೇನು ಅಂತ ಅರ್ಥ. 1935ರಲ್ಲಿ ಬ್ರಿಟನ್ನಿನವರು ಗುರಿ ಅಭ್ಯಾಸಕ್ಕೆಂದು ಪೈಲಟ್ ಇಲ್ಲದೆ ರೇಡಿಯೊದಿಂದ ಹಾರಿಸುವ ವಿಮಾನವೊಂದನ್ನು ಮಾಡಿದರು. ಅದಕ್ಕೆ ಕ್ವೀನ್ ಬೀ, ಅಂದರೆ ರಾಣಿ ಜೇನು ಅಂತ ಹೆಸರಿಟ್ಟರು. ರಾಣಿ ಬಂದ ಮೇಲೆ ಗಂಡು ಜೇನೂ ಬಂತು.

ಸರಿ, ಮದುವೆ ಮನೆಗೆ ವಾಪಸಾಗೋಣ. ಡ್ರೋನಿನ ಹುಡುಗನ ಪ್ಯಾಂಟಿನ ಜೇಬು ಉಬ್ಬಿರುತ್ತದೆ, ನೋಡಿ. ಅದರಲ್ಲಿರುವುದು ಇನ್ನೊಂದು ಬ್ಯಾಟರಿ. ಮುಂದಿನ ಸಲ ಡ್ರೋನು ಏಳುವಾಗ ಗಡಿಯಾರ ನೋಡಿಕೊಂಡು, ಅವನು ಅದನ್ನು ಕೆಳಗಿಳಿಸಿ ಜೇಬಿಗೆ ಕೈ ಹಾಕುವವರೆಗೆ ಎಷ್ಟು ನಿಮಿಷವಾಯಿತು ಅಂತ ಎಣಿಸಿ. ಒಂದೇ ಕಡೆ ನಿಂತು ಚಿತ್ರ ತೆಗೆದ ಸಲಕ್ಕೂ ದಿಬ್ಬಣದ ಜೊತೆ ಊರೆಲ್ಲ ಸುತ್ತಿದ ಸಲಕ್ಕೂ ವ್ಯತ್ಯಾಸ ಇದೆಯೇ ಅಂತ ಬರೆದಿಟ್ಟುಕೊಳ್ಳಿ. ಅಷ್ಟರಲ್ಲಿ ಅಜ್ಜಿ ರಂಗೋಲಿಯ ಮೂಲೆಯನ್ನು ಮತ್ತೆ ಹಾಕಿ ಮುಗಿಸಿರುತ್ತಾರೆ.